ಇಲ್ಲದ್ದನ್ನು ಇದ್ದದ್ದಕ್ಕೆ ಜೋಡಿಸಿದರೆ? ಗಣಕ ಭಾಷೆಗಳಲ್ಲಿ 'ನಲ್' ನಡೆದುಬಂದ ದಾರಿ

ಪರೀಕ್ಷೆಯ ಅಂಕಪಟ್ಟಿ ಸಿದ್ಧಪಡಿಸುವ ಪ್ರತಿಯೊಬ್ಬ ಉಪಾಧ್ಯಾಯರಿಗೂ ಒಂದು ವ್ಯತ್ಯಾಸ ಚೆನ್ನಾಗಿ ಗೊತ್ತು. ವಿದ್ಯಾರ್ಥಿಯೊಬ್ಬ ಪರೀಕ್ಷೆಗೆ ಕುಳಿತು ಒಂದು ಅಂಕವನ್ನೂ ಗಳಿಸದಿದ್ದರೆ ಅವನ ಹೆಸರಿನ ಮುಂದೆ ಸೊನ್ನೆ ಬರೆಯುತ್ತೇವೆ. ಪರೀಕ್ಷೆಗೇ ಬಾರದಿದ್ದರೆ 'ಗೈರುಹಾಜರು' ಎಂದು ಬರೆಯುತ್ತೇವೆ. ಸೊನ್ನೆ ಎಂಬುದು ಒಂದು ಅಳತೆಯ ಫಲ. ಗೈರುಹಾಜರು ಎಂಬುದು ಅಳತೆಯೇ ನಡೆದಿಲ್ಲ ಎಂಬುದರ ಗುರುತು. ಕಾಗದದ ಮೇಲೆ ಈ ವ್ಯತ್ಯಾಸವನ್ನು ಕಾಪಾಡುವುದು ಸುಲಭ. ಆದರೆ ಇದನ್ನು ಗಣಕಕ್ಕೆ ಹೇಗೆ ತಿಳಿಸುವುದು? ತಿಳಿಸಿದ ಮೇಲೆ, ಆ 'ಇಲ್ಲ'ವನ್ನು ಬೇರೊಂದಕ್ಕೆ ಕೂಡಿಸಿದಾಗ ಅಥವಾ ಜೋಡಿಸಿದಾಗ ಉತ್ತರ ಏನು ಬರಬೇಕು?

ಸಂಖ್ಯೆಗಳಿಗಿಂತ ಅಕ್ಷರಗಳನ್ನು ಜೋಡಿಸುವಾಗ ಈ ಪ್ರಶ್ನೆ ಹೆಚ್ಚು ಕಾಡುತ್ತದೆ. ಅರವತ್ತು ವರ್ಷಗಳಿಗೂ ಮೀರಿದ ಗಣಕ ಭಾಷೆಗಳ ಚರಿತ್ರೆಯಲ್ಲಿ ಇದಕ್ಕೆ ಒಂದಲ್ಲ, ನಾಲ್ಕು ಬಗೆಯ ಉತ್ತರಗಳು ಬಂದಿವೆ. ಅವು ಏಕೆ ಬೇರೆಬೇರೆಯಾದವು ಎಂಬುದನ್ನು ನೋಡೋಣ.

ಜೋಡಣೆಯ ಗಣಿತ

ಅಕ್ಷರಗಳನ್ನು ಸಾಲಾಗಿ ಇಟ್ಟರೆ ಸಿಗುವ ಸರಣಿಗೆ ಗಣಕ ವಿಜ್ಞಾನದಲ್ಲಿ 'ಸ್ಟ್ರಿಂಗ್' ಎನ್ನುತ್ತಾರೆ. ಒಂದು ಸ್ಟ್ರಿಂಗಿನ ಬಾಲಕ್ಕೆ ಇನ್ನೊಂದನ್ನು ಹಚ್ಚುವುದೇ ಜೋಡಣೆ. 'ಮೈ' ಮತ್ತು 'ಸೂರು' ಜೋಡಿಸಿದರೆ 'ಮೈಸೂರು'. ಇಲ್ಲಿ ಪರಿವರ್ತನೀಯ ನಿಯಮ ನಡೆಯುವುದಿಲ್ಲ. ಅದಲು ಬದಲು ಮಾಡಿದರೆ 'ಸೂರುಮೈ' ಆಗುತ್ತದೆ. ಆದರೆ ಸಹವರ್ತನೀಯ ನಿಯಮ ನಡೆಯುತ್ತದೆ. ಮೂರು ತುಂಡುಗಳಿದ್ದರೆ ಮೊದಲಿನ ಎರಡನ್ನು ಮೊದಲು ಜೋಡಿಸಿದರೂ, ಕೊನೆಯ ಎರಡನ್ನು ಮೊದಲು ಜೋಡಿಸಿದರೂ ಫಲ ಒಂದೇ.

ಈ ಗಣಿತದಲ್ಲಿ ಒಂದು ಅನನ್ಯತಾಂಶವೂ ಇದೆ. ಯಾವ ಸಂಖ್ಯೆಗೆ ಸೊನ್ನೆಯನ್ನು ಕೂಡಿಸಿದರೂ ಆ ಸಂಖ್ಯೆ ಬದಲಾಗದು ಎಂಬ ನಿಯಮವನ್ನು ಬ್ರಹ್ಮಗುಪ್ತನು ಕ್ರಿ.ಶ. 628ರ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಕೊಟ್ಟಿದ್ದಾನೆ. ಸ್ಟ್ರಿಂಗುಗಳಲ್ಲಿ ಆ ಪಾತ್ರ 'ಖಾಲಿ ಸ್ಟ್ರಿಂಗ್'ನದು. ಅದರ ಉದ್ದ 0. ಅದನ್ನು ಯಾವುದಕ್ಕೆ ಜೋಡಿಸಿದರೂ ಆ ಸ್ಟ್ರಿಂಗ್ ಹಾಗೆಯೇ ಉಳಿಯುತ್ತದೆ.

ಇಷ್ಟರವರೆಗೆ ತೊಡಕಿಲ್ಲ. ಈಗ ಒಂದು ಭೇದವನ್ನು ಗಮನಿಸಿ. ನಿಮಗೊಂದು ಲಕೋಟೆ ಬಂದಿದೆ, ಒಡೆದು ನೋಡಿದರೆ ಒಳಗೆ ಏನೂ ಬರೆಯದ ಹಾಳೆ ಇದೆ. ಇದು ಖಾಲಿ ಸ್ಟ್ರಿಂಗ್. ಇನ್ನೊಂದು ಸಂದರ್ಭದಲ್ಲಿ ಅಂಚೆಯೇ ಬಂದಿಲ್ಲ. ಬರೆದವರು ಏನು ಬರೆದರೋ, ಬರೆದರೋ ಇಲ್ಲವೋ ನಿಮಗೆ ತಿಳಿಯದು. ಇದು 'ನಲ್'. ಮೊದಲನೆಯದು ಒಂದು ಬೆಲೆ. ಎರಡನೆಯದು ಬೆಲೆ ಇಲ್ಲ ಎಂಬ ಸೂಚನೆ.

ಅಕ್ಷರಗಳು ಗಣಕದೊಳಕ್ಕೆ ಬಂದಾಗ

1957ರಲ್ಲಿ ಬಂದ ಫೋರ್ಟ್ರಾನ್ ಹೆಸರಿಗೆ ತಕ್ಕಂತೆ ಸೂತ್ರಗಳ ಭಾಷೆ. ಅದರ ಗಮನವೆಲ್ಲ ಸಂಖ್ಯೆಗಳ ಮೇಲೆ. ಅಕ್ಷರ ಸರಣಿಗಳನ್ನೇ ಮುಖ್ಯವಾಗಿಟ್ಟುಕೊಂಡ ಆರಂಭದ ಭಾಷೆಗಳಲ್ಲಿ ಹೆಸರಾದದ್ದು ಸ್ನೋಬಾಲ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1962ರಲ್ಲಿ ಡೇವಿಡ್ ಫಾರ್ಬರ್, ರಾಲ್ಫ್ ಗ್ರಿಸ್ವೋಲ್ಡ್ ಮತ್ತು ಐವನ್ ಪೊಲೋನ್ಸ್ಕಿ ಇದರ ಕೆಲಸ ಆರಂಭಿಸಿದರು. ಸ್ನೋಬಾಲ್‌ನಲ್ಲಿ ಜೋಡಣೆಗೆ ಪ್ರತ್ಯೇಕ ಗುರುತೇ ಇರಲಿಲ್ಲ. ನಡುವೆ ಒಂದು ಖಾಲಿ ಜಾಗ ಬಿಟ್ಟು ಎರಡು ಹೆಸರುಗಳನ್ನು ಪಕ್ಕಪಕ್ಕ ಬರೆದರೆ ಸಾಕು, ಅವು ಜೋಡಣೆಗೊಳ್ಳುತ್ತಿದ್ದವು. ಮುಂದೆ ಬಂದ ಸ್ನೋಬಾಲ್-4ರಲ್ಲಿ, ಬೆಲೆಯನ್ನೇ ಕೊಡದ ಚರಪದಕ್ಕೆ ಮೊದಲಿಗೆ ಖಾಲಿ ಸ್ಟ್ರಿಂಗೇ ಬೆಲೆ. ಅಂದರೆ 'ಏನೂ ಇಲ್ಲ' ಮತ್ತು 'ಏನೂ ಕೊಟ್ಟಿಲ್ಲ' ಎಂಬ ಎರಡಕ್ಕೂ ಅಲ್ಲಿ ಒಂದೇ ಅರ್ಥ. ಭಾಷಾಂತರ, ಸೂತ್ರಗಳ ಸರಳೀಕರಣ ಮೊದಲಾದ ಕೆಲಸಗಳಿಗೆ ಇದು ಸಾಕಾಗಿತ್ತು.

ಇದೇ ದಶಕದಲ್ಲಿ ಐಬಿಎಂ ಕಂಪನಿ ರೂಪಿಸಿದ ಪಿಎಲ್/ಒನ್ ಭಾಷೆ ಜೋಡಣೆಗೆ || ಎಂಬ ಜೋಡಿ ಗೆರೆಯ ಗುರುತನ್ನು ಬಳಸಿತು. ಈ ಗುರುತನ್ನು ಮುಂದೆ ದತ್ತಸಂಚಯಗಳ ಭಾಷೆಯಲ್ಲಿ ಮತ್ತೆ ಕಾಣುತ್ತೇವೆ.

ಎರಡು ಮನೆಗಳಲ್ಲಿ ಹುಟ್ಟಿದ ನಲ್

ನಲ್ ಎರಡು ಬೇರೆ ಕಡೆ, ಎರಡು ಬೇರೆ ಕಾರಣಗಳಿಗಾಗಿ ಹುಟ್ಟಿತು. ಮುಂದಿನ ಗೊಂದಲಕ್ಕೆ ಇದೇ ಮೂಲ.

ಮೊದಲನೆಯದು ಕ್ರಮವಿಧಿಗಳ ಭಾಷೆಯಲ್ಲಿ. ಗಣಕದ ಸ್ಮರಣೆಯಲ್ಲಿ ಒಂದು ವಸ್ತು ಎಲ್ಲಿದೆ ಎಂದು ತೋರಿಸುವ ವಿಳಾಸಕ್ಕೆ 'ನಿರ್ದೇಶ' ಎನ್ನೋಣ. ವಸ್ತು ಇನ್ನೂ ಸೃಷ್ಟಿಯಾಗಿಲ್ಲದಿದ್ದರೆ ವಿಳಾಸ ಎಲ್ಲಿಂದ ಬರಬೇಕು? 1965ರಲ್ಲಿ ಆಲ್ಗಾಲ್-ಡಬ್ಲ್ಯು ಭಾಷೆಯನ್ನು ರೂಪಿಸುತ್ತಿದ್ದ ಟೋನಿ ಹೋರ್ 'ಎಲ್ಲಿಗೂ ತೋರಿಸದ ವಿಳಾಸ'ವೊಂದನ್ನು ಸೇರಿಸಿದರು. ಅದೇ ನಲ್ ನಿರ್ದೇಶ. ಹೋರ್ ಹುಟ್ಟಿದ್ದು 1934ರಲ್ಲಿ, ಕೊಲಂಬೋ ನಗರದಲ್ಲಿ. 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಈ ವಿಜ್ಞಾನಿ 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಮಾತನಾಡುತ್ತ, ನಲ್ ನಿರ್ದೇಶ ತಮ್ಮ 'ನೂರು ಕೋಟಿ ಡಾಲರಿನ ತಪ್ಪು' ಎಂದರು. ಅಳವಡಿಸುವುದು ಬಹಳ ಸುಲಭವಾಗಿದ್ದರಿಂದ ಸೇರಿಸಿಬಿಟ್ಟೆ ಎಂಬುದು ಅವರ ವಿವರಣೆ.

ಎರಡನೆಯದು ದತ್ತಸಂಚಯಗಳ ಲೋಕದಲ್ಲಿ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮಾಹಿತಿಯನ್ನೆಲ್ಲ ಕೋಷ್ಟಕಗಳಾಗಿ ಜೋಡಿಸುವ ಸಂಬಂಧ ಮಾದರಿಯನ್ನು ಮಂಡಿಸಿದರು. ಕೋಷ್ಟಕ ಎಂದ ಮೇಲೆ ತುಂಬದ ಮನೆಗಳು ಇದ್ದೇ ಇರುತ್ತವೆ. ಅವುಗಳನ್ನು ನಲ್ ಎಂದು ಗುರುತಿಸಿ, 1979ರ ಲೇಖನದಲ್ಲಿ ಅದಕ್ಕೆ ತಕ್ಕ ತರ್ಕವನ್ನು ಅವರು ವಿವರಿಸಿದರು. ಅದು ಸರಿ, ತಪ್ಪು ಎಂಬ ಎರಡೇ ಬೆಲೆಗಳ ತರ್ಕವಲ್ಲ. ಸರಿ, ತಪ್ಪು, ತಿಳಿಯದು ಎಂಬ ಮೂರು ಬೆಲೆಗಳ ತರ್ಕ. ಇಂಥ ತರ್ಕವನ್ನು ಪೋಲೆಂಡಿನ ಯಾನ್ ವುಕಾಶೆವಿಚ್ 1920ರಲ್ಲೇ ಮಂಡಿಸಿದ್ದರು. ಇದರ ಪ್ರಕಾರ ಒಂದು ನಲ್ ಇನ್ನೊಂದು ನಲ್‌ಗೆ ಸಮವೇ ಎಂದು ಕೇಳಿದರೆ ಉತ್ತರ 'ಸರಿ' ಅಲ್ಲ, 'ತಿಳಿಯದು'. ಗೊತ್ತಿಲ್ಲದ ಎರಡು ಸಂಗತಿಗಳು ಒಂದೇ ಎಂದು ಹೇಳಲು ನಮಗೆ ಆಧಾರವೆಲ್ಲಿದೆ?

ಕಾಡ್ ಇಷ್ಟಕ್ಕೇ ನಿಲ್ಲಲಿಲ್ಲ. 1990ರ ತಮ್ಮ ಗ್ರಂಥದಲ್ಲಿ ತುಂಬದ ಮನೆಗಳನ್ನು ಎರಡು ಜಾತಿಯಾಗಿ ವಿಂಗಡಿಸಿದರು. ಒಂದು, ಬೆಲೆ ಇರಬೇಕು ಆದರೆ ನಮಗೆ ಗೊತ್ತಿಲ್ಲ. ಇನ್ನೊಂದು, ಆ ಪ್ರಶ್ನೆಯೇ ಇಲ್ಲಿ ಅನ್ವಯಿಸುವುದಿಲ್ಲ. ಒಬ್ಬರ ಹುಟ್ಟಿದ ದಿನಾಂಕ ಸಿಕ್ಕಿಲ್ಲವೆಂದರೆ ಅದು ಮೊದಲ ಜಾತಿ. ಮದುವೆಯಾಗದವರ ಮದುವೆಯ ದಿನಾಂಕ ಎರಡನೆಯ ಜಾತಿ. ಆದರೆ ಬಳಕೆಗೆ ಬಂದ ಎಸ್‌ಕ್ಯುಎಲ್ ಭಾಷೆಯಲ್ಲಿ ಎರಡಕ್ಕೂ ಒಂದೇ ನಲ್ ಉಳಿಯಿತು. ಕಾಡ್ ಅವರ ಸಹವರ್ತಿಯಾಗಿದ್ದ ಸಿ.ಜೆ. ಡೇಟ್ ಅವರಂತೂ ನಲ್ ಇರಲೇಬಾರದು ಎಂದು ವಾದಿಸುತ್ತ ಬಂದರು.

ನಾಲ್ಕು ಉತ್ತರಗಳು

ನಮ್ಮ ನಾಡಿನ ಹೆಸರುಗಳಿಂದಲೇ ಒಂದು ಉದಾಹರಣೆ ಮಾಡಿಕೊಳ್ಳೋಣ. ಹಳೆಯ ಮೈಸೂರು ಸೀಮೆಯಲ್ಲಿ ಊರು, ತಂದೆಯ ಹೆಸರು, ತನ್ನ ಹೆಸರು ಎಂಬ ಕ್ರಮ ಸಾಮಾನ್ಯ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದು ಎಲ್ಲರಿಗೂ ತಿಳಿದ ಹೆಸರು. ಹಾಗೆಯೇ ಒಂದು ಕೋಷ್ಟಕದಲ್ಲಿ ಹೊಸೂರು, ರಂಗಪ್ಪ, ಲಲಿತಾ ಎಂಬ ಮೂರು ಮನೆಗಳಿವೆ ಎಂದುಕೊಳ್ಳಿ. ಮೂರನ್ನೂ ಜೋಡಿಸಿ ವಿಳಾಸದ ಚೀಟಿ ಅಚ್ಚು ಮಾಡಬೇಕು. ಈಗ ತಂದೆಯ ಹೆಸರಿನ ಮನೆ ನಲ್ ಆಗಿದೆ. ಚೀಟಿಯ ಮೇಲೆ ಏನು ಬರುತ್ತದೆ?

ಒಂದನೆಯ ಉತ್ತರ, ಹರಡುವುದು. ಎಸ್‌ಕ್ಯುಎಲ್‌ನ 1992ರ ಪ್ರಮಾಣಕದಂತೆ || ಗುರುತಿನ ಎರಡು ಬದಿಗಳಲ್ಲಿ ಒಂದು ನಲ್ ಆದರೂ ಫಲವೂ ನಲ್. ಹೊಸೂರೂ ಹೋಯಿತು, ಲಲಿತಾಳೂ ಹೋದಳು; ಚೀಟಿಯೇ ಖಾಲಿ. ಇದು ಕ್ರೂರವಾಗಿ ಕಂಡರೂ ತರ್ಕಕ್ಕೆ ಸರಿಯಾಗಿದೆ. ಒಂದು ಭಾಗ ತಿಳಿಯದಿದ್ದರೆ ಪೂರ್ಣ ಹೆಸರೂ ತಿಳಿಯದು.

ಎರಡನೆಯದು, ನುಂಗುವುದು. ನಲ್ ಅನ್ನು ಖಾಲಿ ಸ್ಟ್ರಿಂಗ್ ಎಂದು ಭಾವಿಸಿ ಉಳಿದವನ್ನು ಜೋಡಿಸುವುದು. ಮೈಕ್ರೋಸಾಫ್ಟಿನ ಸಿ-ಶಾರ್ಪ್ ಹೀಗೆ ಮಾಡುತ್ತದೆ. 1979ರಲ್ಲೇ ಮಾರುಕಟ್ಟೆಗೆ ಬಂದ ಒರೇಕಲ್ ದತ್ತಸಂಚಯದ ಕ್ರಮವೂ ಇದೇ. ಅಲ್ಲಿ ಖಾಲಿ ಸ್ಟ್ರಿಂಗನ್ನೇ ನಲ್ ಎಂದು ಪರಿಗಣಿಸುತ್ತಾರೆ. ಜೋಡಣೆಯಲ್ಲಿ ನಲ್ ಬಂದರೆ ಇನ್ನೊಂದು ಬದಿ ಹಾಗೆಯೇ ಉಳಿಯುತ್ತದೆ. ಪ್ರಮಾಣಕಕ್ಕೆ ಹೊಂದದ ಈ ನಡವಳಿಕೆ ಮುಂದೆ ಬದಲಾಗಬಹುದು, ಇದನ್ನೇ ನೆಚ್ಚಬೇಡಿ ಎಂದು ಒರೇಕಲ್ ತನ್ನ ಕೈಪಿಡಿಯಲ್ಲೇ ಎಚ್ಚರಿಸಿದೆ. ಹಳೆಯ ಪರ್ಲ್ ಭಾಷೆಯೂ ನುಂಗುತ್ತದೆ. ಆದರೆ ಎಚ್ಚರಿಕೆಗಳನ್ನು ಕೇಳಿಕೊಂಡಿದ್ದರೆ, ಬೆಲೆ ಕೊಡದ ಚರಪದವನ್ನು ಜೋಡಿಸಿದ್ದೀರಿ ಎಂದು ಪಕ್ಕದಲ್ಲಿ ಹೇಳಿ ಮುಂದುವರಿಯುತ್ತದೆ.

ಮೂರನೆಯದು, ಅಚ್ಚು ಮಾಡುವುದು. 1995ರಲ್ಲಿ ಬಂದ ಜಾವಾ ಭಾಷೆ ನಲ್ ಅನ್ನು ನಾಲ್ಕು ರೋಮನ್ ಅಕ್ಷರಗಳ ಪದವನ್ನಾಗಿ ಮಾಡಿ ಜೋಡಿಸಿಬಿಡುತ್ತದೆ. ನಮ್ಮ ಚೀಟಿಯ ಮೇಲೆ 'ಹೊಸೂರು ನಲ್ ಲಲಿತಾ' ಎಂದು ಬರುತ್ತದೆ. ಅದೇ ವರ್ಷದ ಜಾವಾಸ್ಕ್ರಿಪ್ಟ್ ಕೂಡ + ಗುರುತಿನ ಜೋಡಣೆಯಲ್ಲಿ ಹೀಗೆಯೇ ಮಾಡುತ್ತದೆ. ವಿಚಿತ್ರವೆಂದರೆ, ಪಟ್ಟಿಯೊಂದರ ಅಂಶಗಳನ್ನು ಒಟ್ಟಿಗೆ ಜೋಡಿಸುವ 'ಜಾಯಿನ್' ಎಂಬ ವಿಧಾನ ಅದೇ ಭಾಷೆಯಲ್ಲಿ ನಲ್ ಅನ್ನು ನುಂಗುತ್ತದೆ. ತಪ್ಪು ಹುಡುಕುವ ಕ್ರಮವಿಧಿಕಾರನಿಗೆ ಅಚ್ಚು ಮಾಡುವುದೇ ಅನುಕೂಲ, ಎಲ್ಲಿ ಬೆಲೆ ಇಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ಪತ್ರ ಪಡೆಯುವ ಲಲಿತಾಳಿಗೆ ಮಾತ್ರ ಇದು ಅನುಕೂಲವಲ್ಲ.

ನಾಲ್ಕನೆಯದು, ನಿರಾಕರಿಸುವುದು. ಗೀಡೊ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಭಾಷೆಯಲ್ಲಿ ಇಲ್ಲದ ಬೆಲೆಗೆ 'ನನ್' ಎಂಬ ಹೆಸರಿದೆ. ಸ್ಟ್ರಿಂಗಿಗೆ + ಗುರುತಿನಿಂದ ನನ್ ಅನ್ನು ಜೋಡಿಸಲು ಹೊರಟರೆ ಅದು ದೋಷವನ್ನು ತಿಳಿಸಿ ನಿಂತುಬಿಡುತ್ತದೆ. ಇವೆರಡೂ ಬೇರೆ ಜಾತಿಯ ವಸ್ತುಗಳು, ಏನು ಮಾಡಬೇಕೆಂದು ನೀವೇ ಹೇಳಿ ಎಂಬುದು ಅದರ ಧೋರಣೆ.

ಇವುಗಳಲ್ಲಿ ಯಾವುದು ಸರಿ? ಕಾಡ್ ಮಾಡಿದ ವಿಂಗಡಣೆಯನ್ನು ಈಗ ನೆನಪಿಸಿಕೊಳ್ಳಿ. ಲಲಿತಾಳ ತಂದೆಯ ಹೆಸರು ಇದೆ, ಅರ್ಜಿಯಲ್ಲಿ ಬರೆಯಲು ಬಿಟ್ಟುಹೋಗಿದೆ ಎಂದಾದರೆ ಹರಡುವುದೇ ಪ್ರಾಮಾಣಿಕ ಉತ್ತರ. ಅವಳ ಹೆಸರಿನಲ್ಲಿ ತಂದೆಯ ಹೆಸರು ಸೇರಿಯೇ ಇಲ್ಲ ಎಂದಾದರೆ ನುಂಗುವುದೇ ಸರಿ. ಒಂದೇ ಗುರುತಿಗೆ ಎರಡು ಅರ್ಥಗಳನ್ನು ಹೊರಿಸಿದ್ದರಿಂದ, ಯಾವ ಭಾಷೆಯೂ ತಾನೇ ಸರಿಯಾಗಿ ಊಹಿಸಲಾರದು. ಅರ್ಥ ಗೊತ್ತಿರುವುದು ಕೋಷ್ಟಕ ತುಂಬಿದವರಿಗೆ ಮಾತ್ರ.

ಚುಕ್ಕಿ ಮತ್ತು ಖಾಲಿ ಜಾಗದ ತೊಂದರೆ

ನುಂಗಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಹೆಸರುಗಳ ನಡುವೆ ಖಾಲಿ ಜಾಗ ಹಾಕಿ ಜೋಡಿಸುತ್ತೇವಲ್ಲವೇ? ನಡುವಿನ ಹೆಸರು ಇಲ್ಲವಾದರೆ ಹೊಸೂರು ಮತ್ತು ಲಲಿತಾ ನಡುವೆ ಎರಡು ಖಾಲಿ ಜಾಗ ಉಳಿಯುತ್ತವೆ. ಮೊದಲಕ್ಷರದ ಮುಂದೆ ಚುಕ್ಕಿ ಹಾಕುವ ಕ್ರಮವಿದ್ದರೆ ಅಕ್ಷರವಿಲ್ಲದ ಚುಕ್ಕಿ ಮಾತ್ರ ನಿಲ್ಲುತ್ತದೆ. ಅಚ್ಚಿನಲ್ಲಿ ಇದು ಕಣ್ಣಿಗೆ ಬೀಳದಿರಬಹುದು. ಹೆಸರನ್ನು ಹುಡುಕುವ ಗಣಕಕ್ಕೆ ಮಾತ್ರ ಒಂದು ಜಾಗದ ಹೆಸರು, ಎರಡು ಜಾಗದ ಹೆಸರು ಬೇರೆಬೇರೆ ವ್ಯಕ್ತಿಗಳು.

ಇದಕ್ಕೆ ವಿಷುಯಲ್ ಬೇಸಿಕ್‌ನಲ್ಲಿ ಒಂದು ಸೊಗಸಾದ ಉಪಾಯವಿತ್ತು. ಅಲ್ಲಿ ಜೋಡಣೆಗೆ ಎರಡು ಗುರುತುಗಳು. + ಗುರುತು ನಲ್ ಅನ್ನು ಹರಡುತ್ತದೆ, & ಗುರುತು ನುಂಗುತ್ತದೆ. ಮೊದಲಕ್ಷರವನ್ನೂ ಚುಕ್ಕಿಯನ್ನೂ + ಗುರುತಿನಿಂದ ಆವರಣದೊಳಗೆ ಜೋಡಿಸಿ, ಆ ಇಡೀ ಆವರಣವನ್ನು & ಗುರುತಿನಿಂದ ಹೆಸರಿಗೆ ಜೋಡಿಸಬೇಕು. ಅಕ್ಷರ ಇಲ್ಲವಾದರೆ ಚುಕ್ಕಿಯೂ ನಲ್ ಆಗಿ ಮಾಯವಾಗುತ್ತದೆ, ಹೆಸರು ಉಳಿಯುತ್ತದೆ. ಆಕ್ಸೆಸ್ ದತ್ತಸಂಚಯ ಬಳಸುವವರಿಗೆ ಇದು ಪರಿಚಿತ ತಂತ್ರ.

ಬೇರೆ ದತ್ತಸಂಚಯಗಳಲ್ಲಿ ಇದೇ ಉದ್ದೇಶಕ್ಕೆ ಫಲನಗಳು ಬಂದವು. 1992ರ ಎಸ್‌ಕ್ಯುಎಲ್ ಪ್ರಮಾಣಕದ 'ಕೋಅಲೆಸ್' ಎಂಬ ಫಲನ, ಕೊಟ್ಟ ಬೆಲೆಗಳಲ್ಲಿ ನಲ್ ಅಲ್ಲದ ಮೊದಲನೆಯದನ್ನು ಆರಿಸಿಕೊಡುತ್ತದೆ. 2011ರ ಪೋಸ್ಟ್‌ಗ್ರೆಸ್ 9.1 ಮತ್ತು 2012ರ ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್ ಆವೃತ್ತಿಗಳು ನಲ್ ಅನ್ನು ನುಂಗುವ 'ಕಾನ್‌ಕ್ಯಾಟ್' ಫಲನವನ್ನು ಸೇರಿಸಿಕೊಂಡವು. ಆದರೆ ಅದೇ ಹೆಸರಿನ ಮೈಎಸ್‌ಕ್ಯುಎಲ್ ಫಲನ ನಲ್ ಅನ್ನು ಹರಡುತ್ತದೆ! ಒಂದು ಕಡೆಯ ಕ್ರಮವಿಧಿಯನ್ನು ಇನ್ನೊಂದು ಕಡೆಗೆ ಒಯ್ಯುವವರು ಇಲ್ಲಿ ಎಚ್ಚರ ವಹಿಸಬೇಕು.

ಗುರುತೇ ಹೆಸರಾದಾಗ

ಇದೆಲ್ಲ ಕ್ರಮವಿಧಿಕಾರರ ತಲೆನೋವು, ನಮಗೇಕೆ ಎಂದು ನೀವು ಕೇಳಬಹುದು. ಎರಡು ಪ್ರಸಂಗಗಳನ್ನು ನೋಡಿ.

ಕ್ಯಾಲಿಫೋರ್ನಿಯಾದ ಭದ್ರತಾ ಸಂಶೋಧಕರೊಬ್ಬರು ತಮಾಷೆಗೆಂದು ತಮ್ಮ ಕಾರಿಗೆ 'ನಲ್' ಎಂಬ ಪದವನ್ನೇ ನೋಂದಣಿ ಫಲಕವಾಗಿ ಪಡೆದಿದ್ದರು. ಪರಿಣಾಮವನ್ನು ಅವರು 2019ರಲ್ಲಿ ಲಾಸ್ ವೇಗಾಸ್‌ನ ಸಮ್ಮೇಳನವೊಂದರಲ್ಲಿ ವಿವರಿಸಿದರು. ಯಾರ ಯಾರದೋ ವಾಹನಗಳಿಗೆ ವಿಧಿಸಿದ ದಂಡದ ಚೀಟಿಗಳು ಅವರ ಮನೆಗೆ ಬರತೊಡಗಿದವು. ಒಟ್ಟು ಮೊತ್ತ 12,000 ಡಾಲರ್ ಮೀರಿತು. ಫಲಕದ ಸಂಖ್ಯೆ ನಮೂದಾಗದ ದಂಡಗಳೆಲ್ಲ 'ನಲ್' ಎಂಬ ಫಲಕದ ಒಡೆಯರ ಲೆಕ್ಕಕ್ಕೆ ಸೇರಿದ್ದವು ಎಂಬುದು ಅವರ ತರ್ಕ. ಬೆಲೆ ಇಲ್ಲ ಎಂಬ ಸೂಚನೆ, ನಾಲ್ಕು ಅಕ್ಷರಗಳ ಬೆಲೆಯಾಗಿ ಬದಲಾದರೆ ಹೀಗಾಗುತ್ತದೆ.

ಇನ್ನೊಂದು ನಮ್ಮವರಿಗೇ ತಟ್ಟಿದ ವಿಷಯ. ದಕ್ಷಿಣ ಭಾರತದಲ್ಲಿ ಒಂದೇ ಹೆಸರಿರುವವರು ಬಹಳ. ಅಂಥವರ ಪಾಸ್‌ಪೋರ್ಟಿನಲ್ಲಿ ಕುಟುಂಬನಾಮದ ಮನೆ ಖಾಲಿ ಇರುತ್ತದೆ. ಅಮೆರಿಕದ ವೀಸಾದಲ್ಲಿ ಆ ಒಂದೇ ಹೆಸರು ಕುಟುಂಬನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂಬ ಮೂರು ಅಕ್ಷರಗಳು ಬರುತ್ತವೆ. 'ಮೊದಲ ಹೆಸರು ತಿಳಿದಿಲ್ಲ' ಎಂದು ಅದರ ಅರ್ಥ. ಮುಂದೆ ಅದೇ ಅಕ್ಷರಗಳು ಬೇರೆ ದಾಖಲೆಗಳಿಗೂ ಹಬ್ಬಿ, ಎಷ್ಟೋ ಜನರನ್ನು ಅಲ್ಲಿ 'ಎಫ್‌ಎನ್‌ಯು' ಎಂಬ ಹೆಸರಿನಿಂದಲೇ ಕರೆಯುವಂತಾಗಿದೆ. ಇಲ್ಲಿನ ತಪ್ಪನ್ನು ಗಮನಿಸಿ. ಆ ವ್ಯಕ್ತಿಯ ಇನ್ನೊಂದು ಹೆಸರು 'ತಿಳಿದಿಲ್ಲ' ಎಂಬುದು ನಿಜವಲ್ಲ, ಅದು 'ಇಲ್ಲ'. ಕಾಡ್ ಬೇರ್ಪಡಿಸಿದ ಎರಡು ಜಾತಿಗಳನ್ನು ಬೆರೆಸಿದ್ದರ ಫಲವಿದು.

ಭೌತವಿಜ್ಞಾನದ ಕಡೆಯಿಂದ

ಪ್ರಯೋಗಾಲಯದಲ್ಲಿ ದುಡಿಯುವವರಿಗೂ ಇದು ಹೊಸದಲ್ಲ. ದಶಮಾಂಶ ಸಂಖ್ಯೆಗಳ ಲೆಕ್ಕಕ್ಕಾಗಿ 1985ರಲ್ಲಿ ಬಂದ ಐಇಇಇ 754 ಪ್ರಮಾಣಕದಲ್ಲಿ 'ಸಂಖ್ಯೆಯಲ್ಲ' ಎಂಬ ವಿಶೇಷ ಬೆಲೆ ಇದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಅದನ್ನು ಯಾವ ಸಂಖ್ಯೆಗೆ ಕೂಡಿಸಿದರೂ ಮತ್ತೆ ಅದೇ, ಎಸ್‌ಕ್ಯುಎಲ್‌ನ ನಲ್ ಹರಡುವ ಹಾಗೆ. ಅದು ತನಗೆ ತಾನೇ ಸಮವೂ ಅಲ್ಲ.

ಹವಾಮಾನದ ಕಡತಗಳಲ್ಲಿ ಅಳತೆ ಸಿಗದ ದಿನಕ್ಕೆ −999ರಂಥ ಅಸಾಧ್ಯ ಸಂಖ್ಯೆಯನ್ನು ಬರೆಯುವ ರೂಢಿ ಇದೆ. ನಾಲ್ಕು ದಿನಗಳ ಮಳೆ 12, 8, −999, 10 ಮಿ.ಮೀ. ಎಂದಿದೆ ಎನ್ನಿ. ಕುರುಡಾಗಿ ಸರಾಸರಿ ತೆಗೆದರೆ −242.25 ಮಿ.ಮೀ. ಬರುತ್ತದೆ. ಇದು ಮೂರ್ಖ ಉತ್ತರ, ಆದ್ದರಿಂದಲೇ ಅಪಾಯ ಕಡಿಮೆ; ನೋಡಿದೊಡನೆ ತಪ್ಪು ತಿಳಿಯುತ್ತದೆ. −999ರ ಬದಲು ಯಾರಾದರೂ 0 ಬರೆದಿದ್ದರೆ ಸರಾಸರಿ 7.5. ಆ ದಿನವನ್ನು ಬಿಟ್ಟು ಲೆಕ್ಕ ಹಾಕಿದರೆ 10. ಮಳೆಮಾಪಕ ಕೆಟ್ಟಿದ್ದ ದಿನ ಮಳೆಯೇ ಬರಲಿಲ್ಲ ಎಂದು ಬರೆದ ಆ 7.5 ಯಾರಿಗೂ ಅನುಮಾನ ಬಾರದಂತೆ ವರದಿಯೊಳಗೆ ಸೇರಿಹೋಗುತ್ತದೆ. ಸದ್ದಿಲ್ಲದೆ ನುಂಗುವ ಉತ್ತರದ ಅಪಾಯ ಇದು.

ಹೊಸ ಭಾಷೆಗಳು ಮತ್ತು ನಿಮ್ಮ ತರಗತಿ

ಇತ್ತೀಚಿನ ಭಾಷೆಗಳು ನಿರ್ಧಾರವನ್ನು ಇನ್ನಷ್ಟು ಮುಂಚಿತವಾಗಿ ಕೇಳುತ್ತವೆ. 2014ರಲ್ಲಿ ಆಪಲ್ ಹೊರತಂದ ಸ್ವಿಫ್ಟ್‌ನಲ್ಲಿ 'ಇರಲೂಬಹುದು, ಇಲ್ಲದಿರಲೂಬಹುದು' ಎಂಬ ಸ್ಟ್ರಿಂಗಿನ ಜಾತಿಯೇ ಬೇರೆ. ಅದನ್ನು ಸಾಮಾನ್ಯ ಸ್ಟ್ರಿಂಗಿಗೆ + ಗುರುತಿನಿಂದ ಜೋಡಿಸಲು ಹೋದರೆ ಕ್ರಮವಿಧಿ ಓಡುವ ಮೊದಲೇ, ಅನುವಾದದ ಹಂತದಲ್ಲೇ ತಡೆ ಬೀಳುತ್ತದೆ. ಇಲ್ಲದಿದ್ದರೆ ಏನು ಮಾಡಬೇಕೆಂದು ಬರೆದು ಕೊಟ್ಟ ಮೇಲೆಯೇ ಮುಂದಿನ ಹೆಜ್ಜೆ. ಸಿ-ಶಾರ್ಪ್ ಕೂಡ 2019ರ ತನ್ನ ಎಂಟನೆಯ ಆವೃತ್ತಿಯಲ್ಲಿ ನಲ್ ಆಗಬಹುದಾದ ನಿರ್ದೇಶಗಳನ್ನು ಬೇರೆಯಾಗಿ ಗುರುತಿಸುವ ಸೌಲಭ್ಯ ಒದಗಿಸಿತು. ಹೋರ್ ಅವರ ಪಶ್ಚಾತ್ತಾಪಕ್ಕೆ ಇವು ಭಾಷಾ ತಜ್ಞರು ಕೊಟ್ಟ ಉತ್ತರಗಳು ಎನ್ನಬಹುದು.

ಶಿಕ್ಷಕ ಮಿತ್ರರು ಶಾಲೆಯ ಗಣಕದಲ್ಲೇ ಈ ಪಾಠವನ್ನು ತೋರಿಸಬಹುದು. ಎಕ್ಸೆಲ್ ಹಾಳೆಯಲ್ಲಿ ಒಂದು ಮನೆಯನ್ನು ಖಾಲಿ ಬಿಡಿ. ಅದಕ್ಕೆ 5 ಕೂಡಿಸಿ; ಉತ್ತರ 5, ಅಂದರೆ ಖಾಲಿ ಮನೆ ಇಲ್ಲಿ ಸೊನ್ನೆ. ಅದನ್ನು & ಗುರುತಿನಿಂದ ಒಂದು ಹೆಸರಿಗೆ ಜೋಡಿಸಿ; ಹೆಸರು ಬದಲಾಗದು, ಅಂದರೆ ಅದು ಖಾಲಿ ಸ್ಟ್ರಿಂಗ್. ಈಗ ಅದೇ ಮನೆಯನ್ನು ಸೇರಿಸಿ ಸರಾಸರಿಯ ಫಲನವನ್ನು ಬಳಸಿ. ಫಲನ ಅದನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಒಂದೇ ಖಾಲಿ ಮನೆಗೆ ಮೂರು ಅರ್ಥಗಳು! ಬಳಿಕ ಆ ಮನೆಯಲ್ಲಿ 0 ಬರೆದು ಸರಾಸರಿ ಹೇಗೆ ಬದಲಾಗುತ್ತದೆ ಎಂದು ವಿದ್ಯಾರ್ಥಿಗಳೇ ನೋಡಲಿ. ಗೈರುಹಾಜರಾದವನಿಗೆ ಸೊನ್ನೆ ಕೊಟ್ಟರೆ ಇಡೀ ತರಗತಿಯ ಫಲಿತಾಂಶ ಎಷ್ಟು ಕುಸಿಯುತ್ತದೆ ಎಂಬುದು ಅವರಿಗೇ ಗೊತ್ತಾಗುತ್ತದೆ.

ಇಷ್ಟು ಮಾಡಿದ ಮೇಲೆ ಅವರ ಮುಂದೆ ಒಂದು ಪ್ರಶ್ನೆ ಇಡಿ: ಈ ಮನೆ ಏಕೆ ಖಾಲಿ? ಉತ್ತರ ಇಲ್ಲದಿರುವುದರಿಂದಲೋ, ಇದ್ದ ಉತ್ತರ ನಮಗೆ ತಿಳಿಯದಿರುವುದರಿಂದಲೋ? ಕೋಷ್ಟಕದ ಪಕ್ಕದಲ್ಲಿ ಆ ಕಾರಣವನ್ನು ಬರೆದಿಡುವ ಅಭ್ಯಾಸ ಮಾಡಿಸಿ. ಅದು ಗೊತ್ತಿದ್ದರೆ ಯಾವ ಭಾಷೆಯಲ್ಲಿ ಬೇಕಾದರೂ ಸರಿಯಾಗಿ ಜೋಡಿಸಬಹುದು.